ಗೋಣಿಹುರಿ ಕಟ್ಟಿದ ಜಡೆ

ಗಾಳಿ, ದೆವ್ವ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಒಳಗೆ ಹೋಗುತ್ತಿದ್ದೆ. ನನಗೆ ಎದುರು ಮಾತಾಡಿ ಅಭ್ಯಾಸವಿಲ್ಲ, ನಂಬಿಕೆಯೂ ಇರಲಿಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿದವಳು. ಕಣ್ಣಿಗೆ ಕಂಡದ್ದಷ್ಟೇ ನಿಜ ಎಂದುಕೊಂಡಿದ್ದೆ. ಮಕ್ಕಳೇ, ಈಗಲೂ ಕಂಡದ್ದನ್ನೇ ಬರೆಯುತ್ತಿದ್ದೇನೆ.

ನಿಮ್ಮ ಸುಮಕ್ಕನಿಗೆ ಆಗ ಆರು ವರ್ಷ. ಅವಳ ಅಮ್ಮ, ಅಂದರೆ ನನ್ನ ಹಿರಿಯ ಮಗಳು, ಕಾಲೇಜಿಗೆ ಪಾಠ ಮಾಡಲು ಹೋದರೆ ದಾವಣಗೆರೆಯ ವಿದ್ಯಾನಗರದ ಮನೆಯಲ್ಲಿ ದಿನವಿಡೀ ನಾವಿಬ್ಬರೇ. ಮಿಕ್ಸಿ ಹಾಕಿದರೆ ಸುಮ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಬಡಿಯುತ್ತಿದ್ದಳು. ಹೊಲಿಗೆ ಚುಚ್ಚುತ್ತದೆಂದು ಫ್ರಾಕನ್ನು ಒಳಗಿನದು ಹೊರಗೆ ಮಾಡಿ ತೊಡುತ್ತಿದ್ದಳು. ಅದು ಹಟವಲ್ಲ, ನಮಗೆ ತಿಳಿಯದ ಸಣ್ಣ ಸದ್ದು, ಸಣ್ಣ ಸ್ಪರ್ಶವೂ ಅವಳಿಗೆ ಬಹಳ ದೊಡ್ಡದಾಗಿ ತಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಎಲ್ಲಕ್ಕಿಂತ ಕಷ್ಟ ತಲೆ ಬಾಚುವುದು. ಎರಡು ವರ್ಷ, ದಿನಾ ಬೆಳಿಗ್ಗೆ, ಹೂವು ಮುಟ್ಟಿದ ಹಾಗೆ ಮುಟ್ಟಿದರೂ ಚೀರುತ್ತಿದ್ದಳು. ಒಂದೇ ಒಂದು ದಿನ ಅವಳ ಜಡೆ ಹೆಣೆಯಬೇಕೆಂಬುದು ನನ್ನ ಆಸೆ.

ಆ ವರ್ಷ ಹರಿಹರದಲ್ಲಿ ನನ್ನ ತಮ್ಮನ ಮಗಳಿಗೆ ಕುಬಸ. ಏಳು ತಿಂಗಳ ಬಸುರಿಗೆ ಹೊಸ ಸೀರೆ ಉಡಿಸಿ ಆರತಿ ಬೆಳಗುವ ಕಾರ್ಯ. ಮಗಳಿಗೆ ರಜೆ ಸಿಗಲಿಲ್ಲ. ಸುಮಳನ್ನು ಕರೆದುಕೊಂಡು ನಾನೇ ಹೋದೆ. ಬಸ್ಸಿನ ಹಾರನ್ನಿಗೇ ಅವಳು ಅರ್ಧ ಸೋತುಹೋಗಿದ್ದಳು. ಮನೆ ತುಂಬ ಹೆಂಗಸರು. ತಮ್ಮನ ಹೆಂಡತಿ ಎಲ್ಲರೆದುರು ನಕ್ಕಳು.

“ಅಕ್ಕಾ, ಫ್ರಾಕ್ ಉಲ್ಟಾ, ತಲೆ ಗುಬ್ಬಿಗೂಡು! ದಾವಣಗೆರ್ಯಾಗ ಬಾಚಣಿಗೆ ಸಿಗಂಗಿಲ್ಲೇನ್ರಿ?”

ಯಾರೋ ಮಗುವಿನ ಕೆನ್ನೆ ಸವರಿದರು. ಸುಮ ಚೀರತೊಡಗಿದಳು.

ಎತ್ತಿಕೊಂಡು ಹಿಂದಿನ ಭತ್ತದ ಚೀಲಗಳ ಕೋಣೆಗೆ ಹೋದೆ. ಕಿಟಕಿಯಿಲ್ಲ, ಮೇಲೊಂದು ಬೆಳಕಿಂಡಿ ಅಷ್ಟೇ. ಚೀಲಗಳ ಸಂದಿಯಲ್ಲಿ ತೂರಿಕೊಂಡು ಅವಳು ಸುಮ್ಮನಾದಳು. ಆಗ ನಾನು ಮಾಡಿದ್ದನ್ನು ಮಗಳಿಗೆ ಇಂದಿಗೂ ಹೇಳಿಲ್ಲ. ಹೊರಗೆ ಬಂದು ಚಿಲಕ ಹಾಕಿದೆ. ಹತ್ತು ನಿಮಿಷ ನನಗೆ ಆ ಮಗು ಬೇಡವಾಗಿತ್ತು. ಅಷ್ಟು ದಣಿದಿದ್ದೆ. ಬಾಗಿಲಿಗೆ ಬೆನ್ನು ಕೊಟ್ಟು ಕೂತೆ.

ಪಡಸಾಲೆಯಲ್ಲಿ ಆರತಿ ಹಾಡು ಶುರುವಾಯಿತು. ಗಂಡ ಇಲ್ಲದವರು ಆರತಿಗೆ ನಿಲ್ಲುವುದಿಲ್ಲ. ಹೀಗಾಗಿ ಮನೆಯ ಹಿಂಭಾಗದಲ್ಲಿ ಉಳಿದವಳು ನಾನೊಬ್ಬಳೇ. ಜೊಂಪು ಹತ್ತಿರಬಹುದು. ಆದರೆ ಬೆನ್ನು ಬಾಗಿಲಿಗೇ ಆತುಕೊಂಡಿತ್ತು.

ಹಾಡು ಮುಗಿದ ಮೇಲೆ ಚಿಲಕ ತೆಗೆದೆ. ಸುಮ ಚೀಲದ ಮೇಲೆ ಕೂತಿದ್ದಳು. ಯಾರೋ ಅವಳ ಸಿಕ್ಕು ಬಿಡಿಸಿ, ಬಿಗಿಯಾಗಿ ಜಡೆ ಹೆಣೆದು, ತುದಿಗೆ ಗೋಣಿಹುರಿ ಕಟ್ಟಿದ್ದರು. ಹರಳೆಣ್ಣೆಯ ವಾಸನೆ ಬರುತ್ತಿತ್ತು. ಸಂದಿಗೊಂದಿಯೆಲ್ಲ ಹುಡುಕಿದೆ, ಎಣ್ಣೆಯಿಲ್ಲ, ಬಾಚಣಿಗೆಯಿಲ್ಲ.

“ಯಾರವ್ವ ಹಾಕಿದ್ದು?”

“ಗಟ್ಟಿಯಾಗಿ ಹಿಡ್ಕಂಡ್ರು.”

“ನೋವಾಗ್ಲಿಲ್ಲೇನು?”

“ಇಲ್ಲ. ನೀನು ಮೆತ್ತಗೆ ಮುಟ್ತೀ ಅಜ್ಜಿ, ಅದು ಉರಿತೈತೆ.”

ಹೆಂಗಸರನ್ನೆಲ್ಲ ಕೇಳಿದೆ. “ನೀವೇ ಹಾಕಿ ಮರ್ತೀರಿ ಬಿಡ್ರಿ ಅಕ್ಕಾ,” ಎಂದಳು ತಮ್ಮನ ಹೆಂಡತಿ. ಹಾಗೇ ಇದ್ದೀತೆಂದು ನಾನೂ ಎಷ್ಟೋ ಸಲ ಅಂದುಕೊಂಡಿದ್ದೇನೆ. ಆದರೆ ಆಗಲೇ ಕೈ ಮೂಸಿ ನೋಡಿಕೊಂಡಿದ್ದೆ. ಎಣ್ಣೆಯ ವಾಸನೆ ಇರಲಿಲ್ಲ.

ಬಟ್ಟೆಯ ಲೇಬಲ್ ತಾಳದ ಮಗು ಆ ಒರಟು ಹುರಿ ಕತ್ತಿಗೆ ತಾಗುತ್ತಿದ್ದರೂ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಮಲಗಿ ಬಂತು. ಮರುದಿನ ಧೈರ್ಯ ಮಾಡಿ ಗಟ್ಟಿಯಾಗಿ ಹಿಡಿದೆ. ಅವಳು ಚೀರಿದಳು. ಮುಂದಿನ ವಾರ ಅವಳ ಅಮ್ಮ ಕೂದಲು ಕತ್ತರಿಸಿಬಿಟ್ಟಳು. ಸುಮಳಿಗೆ ಈಗ ಅದೊಂದೂ ನೆನಪಿಲ್ಲ. ಹುರಿ ನನ್ನ ಟ್ರಂಕಿನಲ್ಲಿದೆ.

ಹೆದರಿದೆಯಾ ಅಜ್ಜಿ ಎಂದು ನೀವು ಕೇಳುತ್ತೀರಿ. ಹೆದರಲಿಲ್ಲ, ಹೊಟ್ಟೆಕಿಚ್ಚಾಯಿತು. ಚಿಲಕ ಹಾಕಿದವಳು ನಾನು. ಒಳಗೆ ಅವಳನ್ನು ಹಿಡಿದು ಕೂತವರು ಯಾರೋ. ಎಂದಾದರೂ ಎದುರಿಗೆ ಬಂದರೆ ಯಾರು ಎಂದು ಕೇಳುವುದಿಲ್ಲ. ಎಷ್ಟು ಗಟ್ಟಿಯಾಗಿ ಹಿಡಿಯಬೇಕು ಎಂದಷ್ಟೇ ಕೇಳುತ್ತೇನೆ.