ಲೈಸನ್ಸ್ ಇಲ್ಲದ ಗಂಡನಿಗೊಂದು ತುರ್ತು ಸಂದೇಶ

ಕಳೆದ ವಾರ ನಮ್ಮ ಮನೆಯವರನ್ನು ರೇಡಿಯೋದಲ್ಲಿ ಹನ್ನೊಂದು ಸಲ ಕರೆದೆ. ಹನ್ನೊಂದು ಸಲವೂ ಅವರು ಉತ್ತರ ಕೊಡಲಿಲ್ಲ.

ಮನೆಯಲ್ಲಾಗಿದ್ದರೆ ಇದು ಸುದ್ದಿಯೇ ಅಲ್ಲ. ಪೇಪರ್ ಹಿಡಿದು ಕೂತರೆ ಇಪ್ಪತ್ತು ಸಲ ಕರೆದರೂ ಹೂಂ ಅನ್ನದ ಮನುಷ್ಯ. ಆದರೆ ಅವತ್ತು ಅವರು ಪೇಪರ್ ಓದುತ್ತಿರಲಿಲ್ಲ. ಕೃಷ್ಣಾ ನದಿಯ ಕಡೆಗೆ ವ್ಯಾನ್ ಓಡಿಸುತ್ತಿದ್ದರು.

ನಾನು ಹ್ಯಾಮ್ ಎಂಬುದು ಈ ಅಂಕಣ ಓದುವವರಿಗೆ ಗೊತ್ತು. ಗೊತ್ತಿಲ್ಲದವರಿಗೆ: ಹ್ಯಾಮ್ ಅಂದರೆ ಹವ್ಯಾಸಿ ರೇಡಿಯೋದವರು. ಪರೀಕ್ಷೆ ಬರೆದು, ಲೈಸನ್ಸ್ ಪಡೆದು, ನಮ್ಮದೇ ಸೆಟ್ಟಿನಲ್ಲಿ ಮಾತಾಡುತ್ತೇವೆ. ಫೋನ್ ಸತ್ತಾಗ ನಮ್ಮನ್ನು ನೆನೆಯುತ್ತಾರೆ. ಫೋನ್ ಎದ್ದ ಕೂಡಲೇ ಮರೆಯುತ್ತಾರೆ. (ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಅಕ್ಕೋರು ರಿಟೈರ್ ಆದ ಮೇಲೆ ಉಪ್ಪಿನಕಾಯಿಯನ್ನೇ ಹಾಕಬೇಕು ಅಂತ ಎಲ್ಲಾದರೂ ಬರೆದಿದೆಯೇ?)

ಸಮುದ್ರದ ದಂಡೆಯವರಿಗೆ ಚಂಡಮಾರುತ ಬರುತ್ತದೆ. ಅದಕ್ಕೊಂದು ಹೆಸರಿರುತ್ತದೆ, ಟಿವಿಯಲ್ಲಿ ಅದರ ಚಿತ್ರ ತಿರುಗುತ್ತದೆ. ನಮಗೆ ಆ ಮರ್ಯಾದೆ ಇಲ್ಲ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಸುರಿಯುತ್ತದೆ, ಮೇಲಿನ ಡ್ಯಾಮುಗಳಿಂದ ನೀರು ಬಿಡುತ್ತಾರೆ, ನಾವಿಲ್ಲಿ ಬಿಸಿಲಲ್ಲಿ ಬಟ್ಟೆ ಒಣಹಾಕುತ್ತಿರುವಾಗಲೇ ನೆರೆ ಬಂದುಬಿಡುತ್ತದೆ.

ಅವತ್ತೂ ಬಿಸಿಲಿತ್ತು. ನೀರು ಮರುದಿನ ಬೆಳಿಗ್ಗೆ ಮುಟ್ಟುತ್ತದೆ ಎಂದು ಸುದ್ದಿ. ಕರೆಂಟ್ ನಸುಕಿನಲ್ಲೇ ಹೋಗಿತ್ತು, ಮಧ್ಯಾಹ್ನದ ಹೊತ್ತಿಗೆ ಮೊಬೈಲ್ ಟವರುಗಳೂ ಮಲಗಿದವು. ಚಿಕ್ಕೋಡಿಯ ನಮ್ಮ ಮಾಳಿಗೆಯ ಮೇಲೆ ಆಂಟೆನಾ ನಿಲ್ಲಿಸಿ, ಅಡುಗೆಮನೆ ಕಿಟಕಿಯ ಬಳಿ ಸೆಟ್ ಇಟ್ಟುಕೊಂಡು ಕೂತೆ. (ವೈರ್ ಅಲ್ಲಿಯವರೆಗೆ ಮಾತ್ರ ಬರುತ್ತದೆ.) ದಿಗ್ಗೇವಾಡಿಯಲ್ಲಿ ಗೊಬ್ಬರದಂಗಡಿಯ ಭರಮಣ್ಣ. ನದಿಯ ಆಚೆ ದಂಡೆಯ ಸತ್ತಿಯಲ್ಲಿ ಪಂಪ್‌ಸೆಟ್ ರಿಪೇರಿಯ ಗುರುಲಿಂಗ. ನಿಪ್ಪಾಣಿ, ಕಾಗವಾಡದ ಹ್ಯಾಮ್‌ಗಳು ಸುಮ್ಮನೆ ಕೇಳುತ್ತ ಕೂತಿದ್ದರು, ಬೇಕಾದರೆ ಕೈಜೋಡಿಸಲು. ಲೆಕ್ಕ ಹಾಕಿದರೆ ಐದು ತಾಲ್ಲೂಕು.

ಮುಖ್ಯ ಸ್ಟೇಷನ್ ನನ್ನದು. ಆದ್ದರಿಂದ ಕಾನೂನೂ ನನ್ನದು.

ಮೊದಲ ಕಾನೂನು, ಚಾ ವಿಷಯ ಮಾತಾಡಬಾರದು. ನಗಬೇಡಿ. ನಮ್ಮ ಮೊದಲ ರಿಹರ್ಸಲ್ಲಿನಲ್ಲಿ ಇಪ್ಪತ್ತು ನಿಮಿಷ ಹೋದದ್ದು "ಆರಾಮ ಅದೀರೇನ್ರಿ? ಚಾ ಆತೇನ್ರಿ? ಮನ್ಯಾಗ ಎಲ್ಲಾರೂ ಆರಾಮ?" ಎಂಬುದರಲ್ಲಿ. ರೇಡಿಯೋದಲ್ಲಿ ಒಬ್ಬರು ಗುಂಡಿ ಒತ್ತಿ ಮಾತಾಡುವಾಗ ಉಳಿದವರೆಲ್ಲ ಬಾಯಿ ಮುಚ್ಚಿರಬೇಕು. ಒಬ್ಬರ ಚಾಗೋಸ್ಕರ ಇನ್ನೊಬ್ಬರ ದೋಣಿ ತಡವಾದರೆ? ಅದಕ್ಕೇ ಒಂದು ಫಾರ್ಮ್ ಮಾಡಿ ಹಂಚಿದ್ದೆ. ನೀರಿಗಿಳಿಯುವ ಊರ ಮೆಟ್ಟಿಲ ಹತ್ತಿರ ನೀರೆಷ್ಟು, ಮನೆ ಬಿಟ್ಟವರೆಷ್ಟು, ಔಷಧ ಬೇಕೇ, ಬ್ಯಾಟರಿ ಹೇಗಿದೆ. ಇಷ್ಟು ಹೇಳಿ, ಓವರ್ ಅನ್ನಿ, ಸುಮ್ಮನಿರಿ.

ಗುರುಲಿಂಗನ ಬ್ಯಾಟರಿ ಚೆನ್ನಾಗಿರಲಿಲ್ಲ. ಅದು ರಾತ್ರಿಗೆ ಕೈಕೊಟ್ಟರೆ ಸತ್ತಿಯ ಸುದ್ದಿ ನಮಗೆ ಬರುವುದಿಲ್ಲ. "ನಾ ಕೊಟ್ಟ ಬರ್ತೀನಿ ತಗೋ" ಎಂದು ನಮ್ಮ ಮನೆಯವರು ನಮ್ಮ ಇನ್ವರ್ಟರಿನ ಬ್ಯಾಟರಿಯನ್ನೇ ಬಿಚ್ಚಿ ವ್ಯಾನಿಗೆ ಹಾಕಿದರು. (ನನ್ನ ಸೆಟ್ಟಿಗೆ ಬೇರೆ ಬ್ಯಾಟರಿ ಇದೆ.) ಕೈಸೆಟ್ಟೊಂದನ್ನು ಸೀಟಿನ ಮೇಲೆ ಇಟ್ಟು ಹೇಳಿದೆ:

"ಬರೇ ಕೇಳ್ರಿ. ಗುಂಡಿ ಮುಟ್ಟಬ್ಯಾಡ್ರಿ. ನಿಮಗ ಲೈಸನ್ಸ್ ಇಲ್ಲ. ಜೀವಕ್ಕ ಅಪಾಯ ಬಂದ್ರ ಮಾತ್ರ ಒತ್ರಿ."

"ಆತವಾ," ಎಂದು ಹೋದರು.

ಸತ್ತಿಗೆ ಎರಡು ದಾರಿ. ದೊಡ್ಡ ಸೇತುವೆ ಹಿಡಿದರೆ ಸುತ್ತು. ದಿಗ್ಗೇವಾಡಿ ಕಡೆಯ ಬ್ಯಾರೇಜ್ ಮೇಲೆ ಹಾದರೆ ಹತ್ತಿರ. ನಮ್ಮವರು ಹತ್ತಿರದ ದಾರಿ ಬಿಟ್ಟು ಇನ್ನೊಂದು ಹಿಡಿದದ್ದನ್ನು ನಾನಂತೂ ನೋಡಿಲ್ಲ.

ಅವರು ಹೊರಟು ಅರ್ಧ ಗಂಟೆಯಾಗಿತ್ತು. ಭರಮಣ್ಣ ಫಾರ್ಮ್ ಪ್ರಕಾರ ವರದಿ ಕೊಟ್ಟ. ಮೆಟ್ಟಿಲ ಹತ್ತಿರ ನೀರು ನಿನ್ನೆಯಷ್ಟೇ. ಔಷಧ ಬೇಡ. ಎಲ್ಲಾ ನಾರ್ಮಲ್. ಓವರ್. ಫಸ್ಟ್ ಕ್ಲಾಸ್ ವರದಿ, ನಾನಾಗಿದ್ದರೆ ಹತ್ತಕ್ಕೆ ಹತ್ತು ಮಾರ್ಕ್ಸ್ ಕೊಡುತ್ತಿದ್ದೆ.

ಅಷ್ಟರಲ್ಲಿ ಗುರುಲಿಂಗ ಬಾಯಿ ಹಾಕಿದ.

"ಭರಮಣ್ಣಾರ, ಚಾ ಆತೇನ್ರಿ?"

"ಎಲ್ಲಿ ಚಾನೋ ಮಾರಾಯಾ, ಹಾಲಽ ಬಂದಿಲ್ಲ ಇವತ್ತ. ಗವಳಿ ಬಂದಿಲ್ಲ."

ಬೈಯಲು ಗುಂಡಿ ಒತ್ತಿದೆ. ಒತ್ತಿದ ಬೆರಳು ಹಾಗೇ ನಿಂತಿತು. ಭರಮಣ್ಣನ ಅಂಗಡಿಗೆ ಹಾಲು ಹಾಕುವ ಗವಳಿ ಆಚೆ ದಂಡೆಯವನು. ದಿನಾ ಬ್ಯಾರೇಜ್ ದಾಟಿ ಬೈಕಿನ ಮೇಲೆ ಕ್ಯಾನ್ ತರುತ್ತಾನೆ.

"ಭರಮಣ್ಣಾ, ಆಂವಾ ಯಾಕ ಬಂದಿಲ್ಲ? ಓವರ್."

"ಏನ ಗೊತ್ರಿ ಅಕ್ಕೋರ? ಒಂದ ದಿನಾನೂ ತಪ್ಸಾಂವಲ್ಲ. ಮಗಳ ಮದವಿ ದಿನಾನೂ ಹಾಲ ಹಾಕಿ ಹೋಗ್ಯಾನ."

"ಬ್ಯಾರೇಜ್ ಕಡೆ ಯಾರನ್ನರೆ ಕಳಸ್ರಿ. ಲಗೂನ."

ಭರಮಣ್ಣನ ತಮ್ಮ ಬೈಕಿನಲ್ಲಿ ಹೋಗಿ ಬಂದ. ಬ್ಯಾರೇಜಿನ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ನಾಳೆ ಬರಬೇಕಾದ ನೀರು ಇವತ್ತೇ ಬಂದಿತ್ತು. (ನೀರಿಗೆ ಪ್ರಕಟಣೆ ಓದಲು ಬರುವುದಿಲ್ಲ.) ಊರ ಮೆಟ್ಟಿಲು ಇರುವುದು ಹಳ್ಳದ ಕಡೆ, ಅಲ್ಲಿಗೆ ಇನ್ನೂ ಏರಿರಲಿಲ್ಲ. ಹಾಲು ಬಂತೇ ಎಂದು ಕೇಳುವ ಜಾಗ ನನ್ನ ಫಾರ್ಮಿನಲ್ಲಿ ಇರಲಿಲ್ಲ.

ನೀರು ಮೊಣಕಾಲಿಗೆ ಬಂದರೆ ವ್ಯಾನು ಓಡುತ್ತದೆ ಎಂದು ನಂಬುವ ಗಂಡಸರು ನಮ್ಮ ಕಡೆ ಬಹಳ. ಪ್ರತಿ ವರ್ಷ ಒಬ್ಬಿಬ್ಬರು ನಂಬುತ್ತಾರೆ. ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ.

ಗುಂಡಿ ಒತ್ತಿದೆ. "ಏನ್ರೀ, ಬ್ಯಾರೇಜ್ ಮ್ಯಾಲ ನೀರ ಬಂದೈತಿ. ಹೋಗಬ್ಯಾಡ್ರಿ. ವಾಪಸ್ ತಿರುಗ್ರಿ. ಕೇಳಿಸ್ತೇನ್ರೀ?"

"ಕೇಳಿಸ್ತ್ರಿ ಅಕ್ಕೋರ," ಎಂದ ಭರಮಣ್ಣ. "ಕೇಳಿಸ್ತ್ರಿ," ಎಂದ ಗುರುಲಿಂಗ. ಕಾಗವಾಡದಿಂದ ಯಾರೋ "ಲೌಡ್ ಆ್ಯಂಡ್ ಕ್ಲಿಯರ್" ಎಂದರು. ಏನ್ರೀ ಎಂದರೆ ಜಗತ್ತಿನ ಗಂಡಸರೆಲ್ಲ ಓಗೊಡುತ್ತಾರೆ. ಓಗೊಡಬೇಕಾದವರು ಸುಮ್ಮನಿದ್ದರು.

ಎರಡನೇ ಸಲ. ಮೂರನೇ ಸಲ. ಸೆಟ್ ಆನ್ ಇದೆಯೋ ಇಲ್ಲವೋ. ವ್ಯಾನಿನಲ್ಲಿ ಮರಾಠಿ ಭಜನೆ ಹಚ್ಚಿದರೆ ಲಾರಿ ಹಾರ್ನ್ ಕೂಡ ಕೇಳುವುದಿಲ್ಲ. ನಾಲ್ಕು, ಐದು, ಆರು. ಮೂವತ್ತು ವರ್ಷ ಮಕ್ಕಳಿಗೆ ಧೈರ್ಯ ಹೇಳಿದವಳು ನಾನು. ಅವತ್ತು ನನಗೆ ಹೇಳಿಕೊಳ್ಳಲು ಒಂದು ಮಾತೂ ಸಿಗಲಿಲ್ಲ.

ಏಳನೇ ಸಲ ಅವರ ಹೆಸರು ಹಿಡಿದು ಕೂಗಿದೆ.

ಮದುವೆಯಾಗಿ ಮೂವತ್ತನಾಲ್ಕು ವರ್ಷ. ಒಮ್ಮೆಯೂ ಹೆಸರು ಹಿಡಿದಿರಲಿಲ್ಲ. ರೇಷನ್ ಕಾರ್ಡ್ ಆಫೀಸಿನಲ್ಲಿ ಕೇಳಿದರೂ ಬರೆದು ತೋರಿಸಿದವಳು. (ಭೌತಶಾಸ್ತ್ರದಲ್ಲಿ ಇದಕ್ಕೆ ಕಾರಣ ಇಲ್ಲ, ನನಗೂ ಗೊತ್ತು.) ಆ ಹೆಸರನ್ನು ಐದು ತಾಲ್ಲೂಕಿಗೆ ಕೇಳುವಂತೆ ಕೂಗಿದೆ. ಇಲ್ಲಿ ಬರೆಯುವುದಿಲ್ಲ, ಅವತ್ತು ಕೇಳಿದವರು ಕೇಳಿದ್ದಾರೆ.

ಉತ್ತರವಿಲ್ಲ. ಮತ್ತೆ ಏನ್ರೀಗೆ ಇಳಿದು ಇನ್ನೂ ನಾಲ್ಕು ಸಲ ಕರೆದೆ. ಆಮೇಲೆ ಕರೆಯಲಿಲ್ಲ. ಭರಮಣ್ಣನ ತಮ್ಮ ಮತ್ತೊಮ್ಮೆ ಬ್ಯಾರೇಜಿಗೆ ಹೋಗಿ, ವ್ಯಾನು ಎಲ್ಲೂ ಕಾಣಲಿಲ್ಲ ಎಂದು ಬಂದ. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಎಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ. ಯಾರೂ ಗುಂಡಿ ಒತ್ತಲಿಲ್ಲ. ಅಷ್ಟು ಶಿಸ್ತು ನಮ್ಮ ರೇಡಿಯೋದಲ್ಲಿ ಅದೇ ಮೊದಲು.

ಒಂದೂವರೆ ಗಂಟೆಯ ನಂತರ ಸೆಟ್ಟು ಗರಗರ ಅಂದಿತು.

"ಅಕ್ಕೋರ, ಗುರುಲಿಂಗ ಮಾತಾಡಾಕತ್ತೀನ್ರಿ. ಬ್ಯಾಟರಿ ಬಂತ್ರಿ. ಸಾಹೇಬ್ರೂ ಬಂದಾರ್ರಿ. ದೊಡ್ಡ ಸೇತುವೆ ಮ್ಯಾಲಿಂದ ಸುತ್ತ ಹಾಕಿ ಬಂದಾರ. ಓವರ್."

ಅತ್ತುಬಿಟ್ಟೆ. ಗುಂಡಿ ಒತ್ತುವ ಮೊದಲು ಸೆರಗಿನಿಂದ ಮುಖ ಒರೆಸಿಕೊಂಡೆ, ರೇಡಿಯೋದಲ್ಲಿ ಕಾಣುತ್ತದೆ ಎಂಬಂತೆ. ಆಮೇಲೆ ಸಿಟ್ಟು ಬಂತು.

"ನಾ ಕರದದ್ದ ಕೇಳಿಸ್ತೋ ಇಲ್ಲೋ ಕೇಳಪಾ ಅವರನ್ನ. ಓವರ್."

"ಕೇಳಿದ್ನ್ರಿ. ಮೊದಲ್ನೇ ಸಲಾನ ಕೇಳಿಸೇತಂತ್ರಿ. ಅಲ್ಲೇ ವ್ಯಾನ್ ತಿರಗಿಸ್ಯಾರಂತ. ಓವರ್."

"ಮತ್ಯಾಕ ಉತ್ತರ ಕೊಡಲಿಲ್ಲ?"

ಗುರುಲಿಂಗ ಪ್ರಾಮಾಣಿಕ. ಸಂದೇಶವನ್ನು ಒಂದಕ್ಷರ ಬದಲಿಸದೆ ದಾಟಿಸಬೇಕು ಎಂದು ನಾನೇ ಕಲಿಸಿದ್ದೆ.

"'ವ್ಯಾನ್ ತಿರಗಿಸಿದ ಮ್ಯಾಲ ಜೀವಕ್ಕ ಅಪಾಯ ಎಲ್ಲೈತಿ? ಅಪಾಯ ಇಲ್ಲಂದ್ರ ನಾ ಒತ್ತುಹಂಗಿಲ್ಲ, ನನಗ ಲೈಸನ್ಸ್ ಇಲ್ಲ' ಅನ್ನಾಕತ್ತಾರ್ರಿ. ಓವರ್."

ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸಿದ್ದು ಅದೊಂದೇ ದಿನ. ಬೇರೆ ದಿನ ಸಿಗಲಿಲ್ಲವೇ ಅವರಿಗೆ?

"ಅಲ್ಲಪಾ ಗುರುಲಿಂಗ, ಹೆಸರ ಹಿಡದ ಒದರಿದಾಗರೆ ಒತ್ತಬಾರದಿತ್ತೇನಂತ ಕೇಳು."

ಹಿಂದೆ ಯಾರೋ ಏನೋ ಗೊಣಗಿದ್ದು ಕೇಳಿಸಿತು. ಆಮೇಲೆ ಗುರುಲಿಂಗ ಗಂಟಲು ಸರಿಮಾಡಿಕೊಂಡ.

"'ಹೆಸರ ಹಿಡದ ಇನ್ನೊಮ್ಮಿ ಕರೀತಾಳೇನೋ ಅಂತ ಗಾಡಿ ನಿಂದರಿಸಿ ಕಾದೆ' ಅನ್ನಾಕತ್ತಾರ್ರಿ. ಓವರ್."

ಐದು ತಾಲ್ಲೂಕು ಕಿವಿ ತೆರೆದು ಕೂತಿರುವಾಗ, ಇದಕ್ಕೆ ಏನಂತ ಉತ್ತರ ಕೊಡಬೇಕು, ನೀವೇ ಹೇಳಿ?