ತೆರೆಯಲೊಲ್ಲದ ಲಗ್ನಪತ್ರಿಕೆ

ಫೈಲು ತೆರೆಯಲು ಆಗುವುದಿಲ್ಲ ಎಂದು ಕಂಪ್ಯೂಟರು ಹೇಳಿದರೆ ನಾನು ಮೊದಲು ಮಾಡುವ ಕೆಲಸ, ಅದೇ ಫೈಲನ್ನು ಮತ್ತೊಮ್ಮೆ ತೆರೆಯಲು ನೋಡುವುದು. ಆಗಲೂ ಇಲ್ಲವೆಂದರೆ ಮೌಸನ್ನು ಸ್ವಲ್ಪ ಜೋರಾಗಿ ಒತ್ತುತ್ತೇನೆ. ಮೂರನೆಯ ಸಲ ಕುರ್ಚಿ ಮುಂದಕ್ಕೆ ಎಳೆದುಕೊಂಡು, ಕನ್ನಡಕ ಒರೆಸಿಕೊಂಡು, ಆ ಯಂತ್ರಕ್ಕೆ ತಪ್ಪು ತಿದ್ದಿಕೊಳ್ಳಲು ಕೊನೆಯ ಅವಕಾಶ ಕೊಡುವವನಂತೆ ಮೆಲ್ಲಗೆ ಒತ್ತುತ್ತೇನೆ. ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ವಿಜ್ಞಾನ ಕಲಿಸಿದವನು ನಾನು. ಒಂದೇ ಪ್ರಯೋಗವನ್ನು ಒಂದೇ ರೀತಿ ಮಾಡಿದರೆ ಒಂದೇ ಫಲಿತಾಂಶ ಬರುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟವನು. ಆ ಪಾಠ ಅವರ ತಲೆಗೆ ಹತ್ತಿರಬಹುದು, ನನಗೆ ಮಾತ್ರ ಹತ್ತಿಲ್ಲ.

ಈ ಯಂತ್ರ ನಮ್ಮ ಬೆಟಗೇರಿಯ ಮನೆಗೆ ಬಂದದ್ದು ಗದಗ ಹೊಸ ಜಿಲ್ಲೆಯಾದ ಒಂದೆರಡು ವರ್ಷಕ್ಕೆ. ಆಗ ಎಲ್ಲೆಲ್ಲೂ ಹೆಸರು ಬದಲಿಸುವ ಗಡಿಬಿಡಿ. ಅಂಗಡಿ ಬೋರ್ಡು, ರಬ್ಬರ್ ಸ್ಟಾಂಪು, ರಸೀದಿ ಪುಸ್ತಕ, ಎಲ್ಲದರ ಮೇಲಿನ ‘ಜಿ: ಧಾರವಾಡ’ ಹೋಗಿ ‘ಜಿ: ಗದಗ’ ಬರಬೇಕಿತ್ತು. ನಾವು ಬೆಟಗೇರಿಯವರು ಮಾತ್ರ ಅಷ್ಟೇನೂ ಹಿಗ್ಗಲಿಲ್ಲ. ಎರಡೂರು ಕೂಡಿ ಒಂದಾಗಿ ಎಷ್ಟು ಕಾಲವಾದರೂ ಜನ ಗದಗ-ಬೆಟಗೇರಿ ಅನ್ನುತ್ತಾರೆಯೇ ಹೊರತು ಬೆಟಗೇರಿ-ಗದಗ ಅಂದವರನ್ನು ನಾನು ಕಂಡಿಲ್ಲ. ಜಿಲ್ಲೆಯ ಹೆಸರಿನಲ್ಲಂತೂ ನಾವು ಆ ಎರಡನೆಯ ಸ್ಥಾನದಿಂದಲೂ ಬಿದ್ದಿದ್ದೆವು. ನನ್ನ ಹೆಂಡತಿ ಗಿರಿಜಾಳ ತವರು ಲಕ್ಷ್ಮೇಶ್ವರ. ಅವರದು ಇನ್ನೊಂದು ಸಂಕಟ. ಅಷ್ಟು ದೊಡ್ಡ ಪೇಟೆಯಿರುವ ಊರಿನ ವಿಳಾಸದಲ್ಲಿ ‘ತಾ: ಶಿರಹಟ್ಟಿ’ ಎಂದು ಬರೆಯುವಾಗ ಅವರ ಕೈ ಒಂದು ಕ್ಷಣ ತಡೆಯುತ್ತಿತ್ತು. ಯಾರ ಹೆಸರು ಯಾರ ಹಿಂದೆ ಬರಬೇಕು ಎಂಬುದು ನಮ್ಮ ಕಡೆ ಸಣ್ಣ ಮಾತಲ್ಲ ಎಂದು ಇಷ್ಟರಿಂದಲೇ ನಿಮಗೆ ತಿಳಿದಿರಬೇಕು.

ಅಂಥ ದಿನಗಳಲ್ಲಿ ಗಿರಿಜಾಳ ಅಣ್ಣ ವೀರಪ್ಪನ ಮಗಳು ಸವಿತಾಳ ಲಗ್ನ ಮುಂಡರಗಿಯ ಹುಡುಗನ ಜೊತೆ ಗಟ್ಟಿಯಾಯಿತು. ಹುಡುಗ-ಹುಡುಗಿ ಒಪ್ಪಲು ಅರ್ಧ ತಾಸು ಸಾಕಾಯಿತು. ಲಗ್ನಪತ್ರಿಕೆಯ ಕೆಳಗೆ ‘ತಮ್ಮ ಸುಖಾಗಮನ ಬಯಸುವವರು’ ಎಂದು ಬರುತ್ತದಲ್ಲ, ಆ ಪಟ್ಟಿ ಒಪ್ಪಿಗೆಯಾಗಲು ಒಂದು ತಿಂಗಳು ಹಿಡಿಯಿತು. ಅಲ್ಲಿ ಹೆಸರುಗಳು ಬರುವುದು ವಯಸ್ಸಿನ ಪ್ರಕಾರವೋ, ಸಂಬಂಧದ ಪ್ರಕಾರವೋ, ಸಿಟ್ಟಿನ ಪ್ರಕಾರವೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮೂರೂ ಸ್ವಲ್ಪ ಸ್ವಲ್ಪ ಇರುತ್ತದೆ ಎಂದು ನನ್ನ ಅನುಮಾನ.

ಎಲ್ಲಕ್ಕಿಂತ ದೊಡ್ಡ ತೊಡಕು ಶಿರಹಟ್ಟಿಯ ಗುರುಶಾಂತಪ್ಪ ಕಾಕಾ. ಇವರು ವೀರಪ್ಪ ಮತ್ತು ಗಿರಿಜಾರ ತಂದೆಯ ತಮ್ಮ. ಹಿಂದೆ ಮನೆಯ ಒಂದು ಮದುವೆಯ ಕಾರ್ಡಿನಲ್ಲಿ ಇವರ ಹೆಸರು ಇವರಿಗಿಂತ ಚಿಕ್ಕವನಾದ ಸೋದರಳಿಯನ ಕೆಳಗೆ ಬಿದ್ದಿತ್ತು. ಅಂದಿನಿಂದ ಲಕ್ಷ್ಮೇಶ್ವರದ ಹಾದಿ ಬಿಟ್ಟಿದ್ದರು. ಸವಿತಾಳನ್ನು ಸಣ್ಣವಳಿದ್ದಾಗ ಹೆಗಲ ಮೇಲೆ ಕೂಡಿಸಿಕೊಂಡು ಪೇಟೆ ತಿರುಗಿಸಿದವರು ಅವರೇ. “ಶಿರಹಟ್ಟಿ ಅಜ್ಜ ಬರಲಿಲ್ಲಂದ್ರ ನಾ ಅಕ್ಕಿಕಾಳಿಗೆ ನಿಂದ್ರೂದಿಲ್ಲ,” ಎಂದು ಹುಡುಗಿ ಅಕ್ಷತೆಗೇ ಅಡ್ಡ ಕುಂತುಬಿಟ್ಟಿದ್ದಳು. ಹಾಗಾಗಿ ಆ ಪಟ್ಟಿ ಸರಿಯಾದರೆ ಅಜ್ಜ ಬರುತ್ತಾರೆ, ತಪ್ಪಿದರೆ ಇಲ್ಲ.

ಆಗ ನಾನು ಬಾಯಿ ಹಾಕಿದೆ. ಕಾಗದದ ಮೇಲೆ ಒಬ್ಬರ ಹೆಸರು ಹೊಡೆದು ಕೆಳಗೆ ಬರೆದರೆ ಗಾಯ ಎದ್ದು ಕಾಣುತ್ತದೆ, ಕಂಪ್ಯೂಟರಿನಲ್ಲಿ ಹೆಸರುಗಳು ಸದ್ದಿಲ್ಲದೆ ಮೇಲೆ ಕೆಳಗೆ ಹೋಗುತ್ತವೆ, ಯಾರು ಎಲ್ಲಿದ್ದರು ಎಂಬ ಗುರುತೂ ಉಳಿಯುವುದಿಲ್ಲ ಎಂದೆ. ಈ ಮಾತು ಹಿರಿಯರಿಗೆ ಬಹಳ ಹಿಡಿಸಿತು. ನಾಲ್ಕು ರವಿವಾರ ನಮ್ಮ ಮನೆಯಲ್ಲಿ ಬೈಠಕ್ಕು ನಡೆಯಿತು. ಎಲ್ಲರೂ ಟಿ.ವಿ. ನೋಡುವವರಂತೆ ಮಾನಿಟರಿನ ಮುಂದೆ ಕುಳಿತರು. ಕಾಕಾ ಕೂಡ ಬಂದರು, ನನ್ನದು ಬೀಗರ ಮನೆ, ಲಕ್ಷ್ಮೇಶ್ವರವಲ್ಲ ಎಂಬ ನೆಪದ ಮೇಲೆ. ಗಿರಿಜಾ ಚಹಾ, ಚೂಡಾ ತಂದಿಡುತ್ತಿದ್ದಳು. ಮೊದಲ ಕರಡಿನಲ್ಲಿ, ಟೈಪು ಮಾಡುವವನು ನಾನೇ ಆದ್ದರಿಂದ, ನನ್ನ ಹೆಸರು ಒಂಬತ್ತನೆಯದಾಗಿತ್ತು. ನಾಲ್ಕನೆಯ ರವಿವಾರ ಮುಗಿಯುವಾಗ ಅದು ನಲವತ್ತೊಂದಕ್ಕೆ ಇಳಿದಿತ್ತು. ಒಟ್ಟು ನಲವತ್ಮೂರು ಹೆಸರು. ಕಾಕಾ ಎದ್ದು ನಿಂತು, “ಆತು, ಇನ್ನ ಯಾರೂ ಕೈ ಹಚ್ಚಬ್ಯಾಡ್ರಿ,” ಅಂದರು. ವೀರಪ್ಪನ ಕಣ್ಣಲ್ಲಿ ನೀರಿತ್ತು.

ಆ ಅಮೃತಗಳಿಗೆಯಲ್ಲಿ ನಾನು ಅದನ್ನು ಫ್ಲಾಪಿಯಲ್ಲಿ ಉಳಿಸಿ ವೀರಪ್ಪನ ಕೈಗೆ ಕೊಟ್ಟೆ. ಫ್ಲಾಪಿ ಎಂದರೆ ಅಂಗೈಯಗಲದ ಕಪ್ಪು ಚೌಕ, ಈಗಿನವರು ನೋಡಿರಲಿಕ್ಕಿಲ್ಲ. ಮೊದಲ ರವಿವಾರವೇ ಕರಡನ್ನು ಅದಕ್ಕೆ ಹಾಕಿ, ಆಮೇಲಿನ ತಿದ್ದುಪಡಿಯನ್ನೆಲ್ಲ ಅದರಲ್ಲೇ ಮಾಡಿದ್ದೆ. ಫ್ಲಾಪಿಯಿಂದ ತೆರೆದ ಫೈಲನ್ನು ಉಳಿಸಿದರೆ ಅದು ಫ್ಲಾಪಿಯಲ್ಲೇ ಉಳಿಯುತ್ತದೆ, ನನ್ನ ಯಂತ್ರದ ಹೊಟ್ಟೆಯಲ್ಲಿ ಪ್ರತಿ ಇರುವುದಿಲ್ಲ ಎಂಬ ಸಾಮಾನ್ಯ ತಿಳಿವಳಿಕೆ ನನಗಿರಲಿಲ್ಲ. ನನ್ನಲ್ಲಿ ಉಳಿದದ್ದು ಮೊದಲ ಕರಡು ಮಾತ್ರ. ಅದನ್ನು ಯಾರಾದರೂ ನೋಡಿದರೆ ಮದುವೆ ಇರಲಿ, ನಾನು ಮಾವನ ಮನೆಗೆ ಕಾಲಿಡುವುದೂ ಕಷ್ಟವಿತ್ತು.

ಮೂರು ದಿನದ ಮೇಲೆ ವೀರಪ್ಪ ಫ್ಲಾಪಿ ಹಿಡಿದು ಗದಗಿಗೆ ಬಂದ. ನಾವಿಬ್ಬರೂ ಖಾದರಸಾಬರ ಅಂಗಡಿಗೆ ಹೋದೆವು. ಖಾದರಸಾಬರು ಮೊದಲು ಬೋರ್ಡು ಬರೆಯುತ್ತಿದ್ದವರು. ಹೊಸ ಜಿಲ್ಲೆ ಅವರಿಗೆ ಕೈತುಂಬ ಕೆಲಸ ಕೊಟ್ಟಿತು, ಆ ಕೆಲಸ ಕಂಪ್ಯೂಟರು ಕೊಡಿಸಿತು, ಈಗ ಕಾರ್ಡು ಅಚ್ಚು ಹಾಕಿಸಿಕೊಡುತ್ತಿದ್ದರು. ಅವರು ಫ್ಲಾಪಿ ಒಳಗೆ ತಳ್ಳಿದರು. ಯಂತ್ರ ಗಂಟಲು ಸರಿ ಮಾಡಿಕೊಂಡಂತೆ ಸದ್ದು ಮಾಡಿ, ತೆರೆಯಲು ಆಗುವುದಿಲ್ಲ ಎಂದಿತು. ನಾನು ಮುಂದೆ ಬಾಗಿ ಮತ್ತೊಮ್ಮೆ ಒತ್ತಿದೆ. ಅದೇ ಉತ್ತರ.

“ಸರ, ನಿಮ್ಮ ಪ್ರೋಗ್ರಾಮು ಹೊಸದಿರಬೇಕು, ನಂದು ಹಳೇದು. ಒಂದರ ಬರಹ ಇನ್ನೊಂದಕ್ಕ ತಿಳಿಯೂದಿಲ್ಲ,” ಅಂದರು ಖಾದರಸಾಬರು. ಇದು ನನಗೆ ಸಮಾಧಾನದ ಮಾತು, ತಪ್ಪು ನನ್ನದಲ್ಲ ಎಂದಾಯಿತು. ಬೆಟಗೇರಿಗೆ ಓಡಿ ನನ್ನ ಯಂತ್ರದಲ್ಲೇ ಹಾಕಿ ನೋಡಿದೆ. ಅದೂ ಆಗುವುದಿಲ್ಲ ಎಂದಿತು. ಪ್ರೋಗ್ರಾಮನ್ನು ಮೊದಲು ತೆರೆದು ಅದರೊಳಗಿನಿಂದ ಫೈಲನ್ನು ಕರೆದೆ. ಫ್ಲಾಪಿಯಿಂದ ಪ್ರತಿ ತೆಗೆದುಕೊಳ್ಳಲು ನೋಡಿದೆ. ಯಂತ್ರವನ್ನು ಆರಿಸಿ ಹಚ್ಚಿದೆ. ಮನೆಯಲ್ಲಿ ಅತ್ತಿಂದಿತ್ತ ತಿರುಗಿ, ನೀರು ಕುಡಿದು, ಬಂದು ಮತ್ತೆ ಒತ್ತಿದೆ. ಹುಲಕೋಟಿಯಲ್ಲಿ ನನ್ನ ಗೆಳೆಯನೊಬ್ಬನ ಮನೆಯಲ್ಲಿ ಹೊಸ ಕಂಪ್ಯೂಟರಿತ್ತು. ಚಪ್ಪಲಿ ಮೆಟ್ಟಿಕೊಂಡು ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಕುಳಿತುಕೊಳ್ಳಲಾಗದೆ, ಸೀಟು ಖಾಲಿಯಿದ್ದರೂ ನಿಂತೇ ಹೋದೆ. ಲಕ್ಷ್ಮೇಶ್ವರದ ಶಾಸನಗಳು ನೆನಪಾದವು. ಅಲ್ಲಿಯ ಕಲ್ಲುಗಳ ಮೇಲೆ ದಾನ ಕೊಟ್ಟವರು, ತೆಗೆದುಕೊಂಡವರು, ಸಾಕ್ಷಿ ನಿಂತವರು ಎಲ್ಲರ ಹೆಸರೂ ಸಾಲಾಗಿ ಇವೆ. ಎಷ್ಟೋ ರಾಜರು ಹೋದರೂ ಆ ಸಾಲು ಕದಲಿಲ್ಲ, ಓದಲು ಬರುವವನಿದ್ದರೆ ಸಾಕು, ಕಲ್ಲು ಇವತ್ತಿಗೂ ತೆರೆದೇ ಇದೆ. ಕೆಡಿಸಿದವನಿಗೆ ಇಂಥ ಪಾಪ ತಟ್ಟಲಿ ಎಂದು ಕೊನೆಗೊಂದು ಶಾಪವನ್ನೂ ಕೆತ್ತಿರುತ್ತಾರೆ. ನನ್ನ ಫ್ಲಾಪಿಯ ಮೂಲೆಯಲ್ಲಿ ಆ ಶಾಪದ ಜಾಗಕ್ಕೆ, ಬರಹ ಅಳಿಯದಂತೆ ಕಾಯುವ ಒಂದು ಪ್ಲಾಸ್ಟಿಕ್ ಗುಂಡಿ ಇತ್ತು, ಅದನ್ನು ಸರಿಸಲು ಮರೆತಿದ್ದೆ. ಹುಲಕೋಟಿಯ ಕಂಪ್ಯೂಟರು ನನ್ನ ಗೆಳೆಯನಷ್ಟೇ ಸಭ್ಯ, ಬಹಳ ಹೊತ್ತು ಯೋಚಿಸಿ ಆಮೇಲೆ ಇಲ್ಲವೆಂದಿತು.

ಖಾದರಸಾಬರ ಅಂಗಡಿಗೆ ವಾಪಸು ಬಂದಾಗ ವೀರಪ್ಪ ನಾನು ಬಿಟ್ಟುಹೋದಲ್ಲೇ ಒಂದು ಸ್ಟೂಲಿನ ಮೇಲೆ ಕುಳಿತಿದ್ದ. ಖಾದರಸಾಬರು ಫ್ಲಾಪಿಯನ್ನು ಬೆಳಕಿಗೆ ಹಿಡಿದು, ಅದರ ತಗಡಿನ ಮುಚ್ಚಳವನ್ನು ಉಗುರಿನಿಂದ ಸರಿಸಿದರು. ಒಳಗಿನ ಕಪ್ಪು ಹಾಳೆಯ ಮೇಲೆ ಹಳದಿ ಗೆರೆಗಳು ಸುತ್ತು ಹಾಕಿದ್ದವು. ಮುಚ್ಚಳದ ಸಂದಿಯಿಂದ ಒಂದು ಅಕ್ಕಿಕಾಳಿನ ಚೂರು ಟೇಬಲ್ಲಿನ ಮೇಲೆ ಬಿತ್ತು.

“ಇದೇನ್ರಿ ಯಜಮಾನ್ರ?” ಅಂದರು ಖಾದರಸಾಬರು.

ವೀರಪ್ಪ ಆ ಚೂರನ್ನು ಬೆರಳಿಗೆ ಅಂಟಿಸಿಕೊಂಡು ನೋಡಿದ. “ಅವ್ವ ಪೂಜಿ ಮಾಡ್ಯಾಳ್ರಿ. ಲಗ್ನಪತ್ರಿಕಿ ಇದರಾಗ ಐತಿ ಅಂತ ನಾನ ಹೇಳಿದ್ದೆ. ಮೊದಲನೇ ಪತ್ರಿಕಿ ದೇವರಿಗಲ್ಲೇನ್ರಿ? ನಾಕೂ ಮೂಲಿಗೆ ಅರಿಷಿಣ ಹಚ್ಚಿ, ಅಕ್ಕಿಕಾಳು ಹಾಕಿ, ದೇವರ ಜಗಲಿ ಮ್ಯಾಲ ಇಟ್ಟಿದ್ಲು. ಆಮ್ಯಾಲ ಒದ್ದಿ ಅರಿವಿಲೆ ಚಂದಂಗ ಒರಸಿ ಕೊಟ್ಟಾಳ.”

ಫ್ಲಾಪಿಯ ಚೀಟಿಯ ಮೇಲಿನ ಹಳದಿ ಕಲೆಯನ್ನು ನಾನು ಬೆಳಿಗ್ಗೆಯೇ ನೋಡಿದ್ದೆ, ಮಿರ್ಚಿ ಭಜಿಯದು ಎಂದುಕೊಂಡಿದ್ದೆ. ನಮ್ಮ ಅತ್ತೆಯ ಮೇಲೆ ಸಿಟ್ಟು ಬರಲಿಲ್ಲ. ಆ ಹಿರಿಯ ಜೀವ ಪತ್ರಿಕೆಗೆ ಮಾಡಬೇಕಾದ್ದನ್ನೇ ಮಾಡಿತ್ತು. ಪ್ರತಿ ಇಟ್ಟುಕೊಳ್ಳದೆ ಇದ್ದವನು ನಾನು. “ಇದು ಇನ್ನ ಏಳೂದಿಲ್ರಿ ಸರ,” ಎಂದು ಖಾದರಸಾಬರು ಫ್ಲಾಪಿಯನ್ನು ಬಹಳ ಮರ್ಯಾದೆಯಿಂದ ನನ್ನ ಕೈಗಿಟ್ಟರು.

ಅಲ್ಲಿಂದಲೇ ಶಿರಹಟ್ಟಿಗೆ ಫೋನು ಹಚ್ಚಿದೆವು. ನಡೆದದ್ದನ್ನು ಕೇಳಿದ ಕಾಕಾ ನಗಲೂ ಇಲ್ಲ, ಬೈಯಲೂ ಇಲ್ಲ. “ಹಂಗಾರ ಮತ್ತ ಕುಂಡ್ರೂಣು. ಹೋದ ಸಲ ನಾನೂ ಒಂದೆರಡು ಮಾತು ಬಿಟ್ಟಿದ್ದೆ, ಈ ಸಲ ಆಡತೀನಿ,” ಅಂದರು. ವೀರಪ್ಪನ ಮುಖ ಸಪ್ಪಗಾಯಿತು. ಹಾದಿಯುದ್ದಕ್ಕೂ ಇಬ್ಬರೂ ಪಟ್ಟಿಯನ್ನು ನೆನಪು ಮಾಡಿಕೊಳ್ಳಲು ನೋಡಿದೆವು. ಅವನಿಗೆ ಮೊದಲಿನ ಆರು ಬಂದವು. ನನಗೆ ನಲವತ್ತೊಂದನೆಯದು ಮಾತ್ರ ಬಂತು.

ಮನೆಯಲ್ಲಿ ಗಿರಿಜಾ ಪಡಸಾಲೆಯಲ್ಲಿ ಶೇಂಗಾ ಸುಲಿಯುತ್ತಿದ್ದಳು. ನಾವು ಹೇಳಿದ್ದನ್ನೆಲ್ಲ ಕೇಳಿ, ಮೊರದಲ್ಲಿದ್ದ ಸಿಪ್ಪೆ ಕೊಡವಿ, “ಬರಕೋರಿ, ನಾ ಹೇಳತೀನಿ,” ಅಂದಳು.

ನಾನು ಅರ್ಧ ನಂಬದೆ ಕಂಪ್ಯೂಟರಿನ ಮುಂದೆ ಕುಳಿತೆ. ಅವಳು ಸುಲಿಯುತ್ತಲೇ ಹೇಳಿದಳು. ಒಂದು, ಎರಡು, ಹತ್ತು, ಇಪ್ಪತ್ತು. ಹಿರಿಯರು, ಕಾಕಂದಿರು, ಮಾವಂದಿರು, ಅಳಿಯಂದಿರು, ಮುಂಡರಗಿಯ ಬೀಗರ ಒತ್ತಾಯಕ್ಕೆ ಸೇರಿಸಿದ ಇಬ್ಬರು, ಮೂರನೆಯ ರವಿವಾರ ಜಗಳಾಡಿ ಎರಡು ಮೆಟ್ಟಿಲು ಹತ್ತಿದವರು, ನಾನು. ಎಲ್ಲಿಯೂ ತಡವರಿಸಲಿಲ್ಲ. ನಲವತ್ಮೂರಕ್ಕೆ ನಿಂತಳು. ನಾನು ಮೊದಲು ಮೂರು ಕಡೆ ಪ್ರತಿ ಉಳಿಸಿದೆ. ಆಮೇಲೆ ಕಾಕಾನಿಗೆ ಫೋನಿನಲ್ಲಿ ಒಂದೊಂದೇ ಓದಿದೆ. ಅವರು ಪ್ರತಿ ಹೆಸರಿಗೂ “ಹೂಂ” ಅನ್ನುತ್ತ ಹೋದರು. ಕೊನೆಗೆ, “ಖರೆ ಐತಿ. ಇದ ಸಾಲು. ಅಚ್ಚಿಗೆ ಕೊಡ್ರಿ,” ಅಂದರು. ವೀರಪ್ಪ ಗೋಡೆಗೆ ಒರಗಿ ಕುಳಿತು ಎರಡೂ ಕೈಯಿಂದ ಮುಖ ಒರೆಸಿಕೊಂಡ.

“ನಿನಗ ಹೆಂಗ ಇಷ್ಟು ಬಾಯಿಪಾಠ?” ಎಂದು ಗಿರಿಜಾಳನ್ನು ಕೇಳಿದೆ.

“ನಾಕೂ ರವಿವಾರ ಓದೀನಲ್ರಿ. ನೀವೆಲ್ಲಾ ಚಾ ಕುಡಿಯೂಮುಂದ ಹಿಂದ ನಿಂತು ಓದತಿದ್ದೆ.”

“ಯಾಕ?”

“ನನ್ನ ಹೆಸರು ಎಲ್ಲಿ ಹಾಕ್ಯಾರ ಅಂತ.” ಅವಳು ಒಂದು ಕಾಯಿ ಒಡೆದಳು. “ಮ್ಯಾಲಿಂದ ಕೆಳಗ ಓದಿದೆ, ಕೆಳಗಿಂದ ಮ್ಯಾಲ ಓದಿದೆ. ಅಷ್ಟು ಮಂದ್ಯಾಗ ಎಲ್ಲ್ಯಾರ ಇರಬೇಕು, ನನಗ ಕಂಡಿಲ್ಲ ಅಂದ್ಕೊಂಡಿದ್ದೆ.”

ದೂರಿನ ದನಿಯಲ್ಲಿ ಹೇಳಲಿಲ್ಲ. ದೂರಿದ್ದರೆ ನಾನು ಏನಾದರೂ ವಾದ ಹೂಡುತ್ತಿದ್ದೆ. ನನಗೆ ಬಹಳ ನಾಚಿಕೆಯಾಯಿತು. ಮದುಮಗಳ ಸೋದರತ್ತೆ ಅವಳು. ಆ ಮನೆಯಲ್ಲಿ ಹುಟ್ಟಿದವಳು ಅವಳು. ನಾನು ಆ ಪಟ್ಟಿಗೆ ಸೇರಿದ್ದೇ ಅವಳನ್ನು ಮದುವೆಯಾದದ್ದರಿಂದ. ಒಂದು ತಿಂಗಳು ನನ್ನ ಹೆಸರು ಒಂಬತ್ತರಿಂದ ನಲವತ್ತೊಂದಕ್ಕೆ ಇಳಿಯಿತೆಂದು ಒಳಗೊಳಗೇ ಕುದಿಯುತ್ತಿದ್ದೆ, ಅವಳದು ಇಲ್ಲವೆಂಬುದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ವೀರಪ್ಪ ನೆಲ ನೋಡುತ್ತಿದ್ದ.

“ಎಲ್ಲಿ ಹಾಕಲಿ ಹೇಳು,” ಅಂದೆ.

“ಈಗ ಬ್ಯಾಡ್ರಿ. ಸಾಲು ಕೆಡತೈತಿ. ಕಾಕಾ ಮತ್ತ ಸಿಟ್ಟಾದಾನು.”

ನನಗೆ ಕುಳಿತಲ್ಲಿ ಕೂರಲಾಗಲಿಲ್ಲ. ಎದ್ದು ಮತ್ತೆ ಶಿರಹಟ್ಟಿಗೆ ಫೋನು ಹಚ್ಚಿದೆ. ಕಾಕಾ ಕೇಳಿಸಿಕೊಂಡು, “ಹೆಣ್ಣಮಕ್ಕಳ ಹೆಸರು ಹಾಕೂ ಪದ್ಧತಿ ನಮ್ಮಲ್ಲಿಲ್ಲಲ್ರಿ,” ಅಂದರು. ನಾನು ಫೋನು ಇಡಲಿಲ್ಲ, ಅವರೇ ಮುಂದೆ ಕೇಳಿದರು.

“ಅಷ್ಟೂ ಹೆಸರು ಗಿರಿಜಾನ ಹೇಳಿದಳಾ?”

“ಅಕೀನ ಹೇಳಿದಳ್ರಿ.”

“ನಂದೂ?”

“ನಿಮ್ಮದೂ.”

“ಹಂಗಾರ ಹಾಕ್ರಿ. ನನ್ನ ಹೆಸರು ಮಾತ್ರ ಅಲ್ಲಾಡಬಾರದು ನೋಡ್ರಿ.”

ಯಾರದೂ ಅಲ್ಲಾಡಲಿಲ್ಲ. ನಲವತ್ತೊಂದನೆಯ ಸಾಲಿನಲ್ಲಿ ನನ್ನ ಹೆಸರನ್ನು ಬಲಕ್ಕೆ ತಳ್ಳಿ, ಅದಕ್ಕಿಂತ ಮೊದಲು ಅವಳದನ್ನು ಕೂಡಿಸಿದೆ. ಕಂಪ್ಯೂಟರು ಬಂದು ಇಷ್ಟು ದಿನವಾಗಿದ್ದರೂ ಆ ಹೆಸರನ್ನು ನಾನು ಟೈಪು ಮಾಡಿದ್ದು ಅದೇ ಮೊದಲು. ಖಾದರಸಾಬರು ಅಚ್ಚಿಗೆ ಕೊಡುವ ಮೊದಲು ಫೋನು ಮಾಡಿ, “ಸರ, ಒಂದು ಸಾಲಿನಾಗ ಒಂದು ಹೆಸರು ಹೆಚ್ಚಿಗಿ ಬಂದೈತಿ, ತಪ್ಪೇನು?” ಎಂದು ಕೇಳಿದರು. ಮೊದಲಿದ್ದದ್ದು ತಪ್ಪು, ಇದು ಸರಿ ಎಂದೆ. ಮದುವೆಯ ದಿನ ಶಿರಹಟ್ಟಿಯ ಅಜ್ಜ ಎಲ್ಲರಿಗಿಂತ ಮೊದಲು ಬಂದು ಮುಂದಿನ ಕುರ್ಚಿಯಲ್ಲಿ ಕುಳಿತರು, ಸವಿತಾ ಮದುಮಗಳ ನಾಚಿಕೆಯನ್ನು ಬದಿಗಿಟ್ಟು ಅವರ ಕೈಹಿಡಿದು ಅತ್ತಳು.

ಹದಿನೈದು ದಿನ ಕಳೆದ ಮೇಲೆ ನನ್ನ ಮೇಷ್ಟ್ರ ಚಪಲ ಕೆರಳಿತು. ಅವಳ ನೆನಪನ್ನು ಇನ್ನೊಮ್ಮೆ ಪರೀಕ್ಷಿಸಬೇಕೆನಿಸಿ, “ಕಾಕಾನ ಹೆಸರಿನ ಕೆಳಗ ಯಾರದಿತ್ತು?” ಎಂದು ಕೇಳಿದೆ. ಗಿರಿಜಾ ಕೈಯ ಕೆಲಸ ನಿಲ್ಲಿಸಿ ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು.

“ಯಾರಿಗೆ ನೆನಪೈತ್ರಿ,” ಅಂದಳು. “ಕಾರ್ಡು ಬಂದ ದಿನ ನಂದು ಎಲ್ಲೈತಿ ನೋಡಿದೆ. ಉಳಿದದ್ದು ಓದಲಿಲ್ಲ.”