ಪೊಳಲಿಯ ಬಚ್ಚಂಗಾಯಿ ಮಾಷ್ಟ್ರು

ಪೊಳಲಿ ಚೆಂಡಿನ ಜಾತ್ರೆಗೆ ಬಂದವರು ದೇವಿಗೆ ಕೈಮುಗಿದು ನೇರ ಹೋಗುವುದು ಬಚ್ಚಂಗಾಯಿ ರಾಶಿಗೆ. ಒಂದು ಕಲ್ಲಂಗಡಿಯಾದರೂ ಒಯ್ಯದಿದ್ದರೆ ಜಾತ್ರೆಗೆ ಹೋದದ್ದನ್ನು ಮನೆಯವರು ನಂಬುವುದಿಲ್ಲ. ಆದರೆ ಸಂಕಪ್ಪ ಮಾಷ್ಟ್ರು ತಟ್ಟಿ ನೋಡದ ಹಣ್ಣನ್ನು ನಮ್ಮೂರಿನವರು ಮುಟ್ಟುವುದಿಲ್ಲ. ನಿವೃತ್ತಿಯಾಗಿ ಹನ್ನೆರಡು ವರ್ಷವಾದರೂ ಮಾಷ್ಟ್ರು ಹಣ್ಣನ್ನು ಪಾಠ ಓದದೆ ಬಂದ ಹುಡುಗನಂತೆ ಎದುರಿಗೆ ನಿಲ್ಲಿಸಿ, ಮೂರು ಸಲ ತಟ್ಟಿ, ಫಲಿತಾಂಶ ಹೇಳುತ್ತಾರೆ: "ಇದು ಪಾಸ್ ಮಾರಾಯ, ಕೊಂಡುಹೋಗು!" ಇಲ್ಲವೇ, "ಇದಕ್ಕೆ ಬುದ್ಧಿ ಬರಲು ಇನ್ನೊಂದು ವಾರ ಉಂಟು!" ಯಕ್ಷಗಾನದವರು ಹೊಸ ಮದ್ದಳೆಯನ್ನೂ ತಟ್ಟಿ ನೋಡಿ ಎಂದು ತಂದದ್ದುಂಟು. "ನನ್ನದು ಬಚ್ಚಂಗಾಯಿ ಮಾತ್ರ" ಎಂದು ಮಾಷ್ಟ್ರು ಗತ್ತಿನಿಂದ ವಾಪಸು ಕಳಿಸಿದರು. ಈ ವರ್ಷ ನಾನು ಹಿಂದಿನಿಂದ ಎಷ್ಟು ಕರೆದರೂ ಅವರು ತಿರುಗಲಿಲ್ಲ. ಪಕ್ಕಕ್ಕೆ ಹೋಗಿ ನೋಡಿದರೆ, ಕೈ ಹಣ್ಣು ತಟ್ಟುತ್ತಿತ್ತು, ಕಣ್ಣು ಮಾತ್ರ ಮಾರುವ ಬದ್ರುದ್ದೀನನ ಮುಖದ ಮೇಲಿತ್ತು. ಅವರದೇ ಹಳೆಯ ವಿದ್ಯಾರ್ಥಿ ಬದ್ರು ಶಬ್ದ ಕೇಳಿ, ಹಣ್ಣಾಗಿದ್ದರೆ ಹುಬ್ಬು ಹಾರಿಸುತ್ತಿದ್ದ, ಕಾಯಿಯಾಗಿದ್ದರೆ ತಲೆ ತುರಿಸುತ್ತಿದ್ದ. ನನ್ನನ್ನು ಕಂಡು ಗಾಬರಿಯಾದ. "ಎರಡು ವರ್ಷದಿಂದ ಮಾಷ್ಟ್ರಿಗೆ ಕಿವಿ ಕೇಳುವುದಿಲ್ಲ. ಯಾರಿಗೂ ಹೇಳ್ಬೇಡಿ ಆಯ್ತಾ," ಎಂದು ಪಿಸುಗುಟ್ಟಿದ. ಪಾಪ, ಮಾಷ್ಟ್ರ ಮುಂದೆ ಪಿಸುಗುಟ್ಟುವ ಅಗತ್ಯವೇ ಇರಲಿಲ್ಲ. ನಾನು ರಾಶಿಯಿಂದ ದೊಡ್ಡದೊಂದನ್ನು ಎತ್ತಿ ಮಾಷ್ಟ್ರ ಎದುರಿಗೆ ಹಿಡಿದೆ. ಅವರು ಮೂರು ಸಲ ತಟ್ಟಿದರು. ಆಮೇಲೆ ನಾವಿಬ್ಬರೂ ಉಸಿರು ಬಿಗಿಹಿಡಿದು ಬದ್ರುವಿನ ಹುಬ್ಬನ್ನೇ ನೋಡುತ್ತ ನಿಂತೆವು.